ಶಿಲುಬೆ ಇಟ್ಟ ರೊಟ್ಟಿ

ಏಲಿಕುಟ್ಟಿಯ ಮನೆಯ ಜಗಲಿಯಿಂದ ನೋಡಿದರೆ ಹೊಳೆಯಾಚೆ ಇಗರ್ಜಿಯ ಗಂಟೆಗೋಪುರ ಕಾಣುತ್ತದೆ. ದೋಣಿಯಲ್ಲಿ ಕೂತರೆ ಜಪಮಾಲೆಯ ಹತ್ತು ಮಣಿ ಉರುಳಿಸುವಷ್ಟರಲ್ಲಿ ಆಚೆ ದಡ. ಆದರೆ ಒಂಬತ್ತು ತಿಂಗಳಿಂದ ಅವಳು ದೋಣಿಗೆ ಕಾಲಿಟ್ಟಿರಲಿಲ್ಲ. ಪ್ರತಿ ಭಾನುವಾರ ಗದ್ದೆಯ ಒಡ್ಡಿನ ಮೇಲೆ ಮೂರು ಮೈಲಿ ನಡೆದು, ಸೇತುವೆ ದಾಟಿ, ಆಚೆ ದಡದಲ್ಲಿ ಮತ್ತೆ ಅಷ್ಟೇ ದೂರ ಹಿಂದಕ್ಕೆ ಬಂದು, ರವಿಕೆಯೆಲ್ಲ ಬೆವರಲ್ಲಿ ತೊಯ್ದು ಪೂಜೆಗೆ ನಿಲ್ಲುತ್ತಿದ್ದಳು. ಯಾಕೆಂದರೆ ಅದು ಪೈಲಿ ನಡೆಸುತ್ತಿದ್ದ ದೋಣಿ. ಪೈಲಿ ಕುಡಿದು ಮಗುಚಿದ ದೋಣಿಯಲ್ಲೇ ಅವಳ ಗಂಡ ವರ್ಕಿ ಸತ್ತದ್ದು.

ಊರಿನವರಿಗೆ ಅವಳ ನಡಿಗೆ ರೂಢಿಯಾಗಿಬಿಟ್ಟಿತ್ತು. ಒಡ್ಡಿನ ಮೇಲೆ ಬಿಳಿ ಮುಂಡು ಕಂಡರೆ ಸಾಕು, ಏಳೂವರೆ ಆಯಿತು ಎಂದು ಬಾತುಕೋಳಿ ಮೇಯಿಸುವವರು ಹೇಳುತ್ತಿದ್ದರು. ಅವಳಿಗೆ ಮಾತ್ರ ರೂಢಿಯಾಗಿರಲಿಲ್ಲ. ಹೋಗುವಾಗಲೂ ಸಿಟ್ಟು, ಬರುವಾಗಲೂ ಸಿಟ್ಟು. ಐವತ್ತಾರರ ಮಂಡಿ ನೋಯುತ್ತಿತ್ತು, ಆ ನೋವನ್ನೂ ಪೈಲಿಯ ತಲೆಗೇ ಕಟ್ಟುತ್ತಿದ್ದಳು.

ಪೈಲಿ ಮೂರು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಗೆ ಬಂದ. ಅವನ ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ. ತಕ್ಕ ಶಾಸ್ತಿಯಾಯಿತು ಎಂದುಕೊಂಡಳು ಏಲಿಕುಟ್ಟಿ. ಅಷ್ಟಕ್ಕೇ ನಿಂತಿದ್ದರೆ ಸಿಟ್ಟಿನ ಮೇಲೆ ನಿಧಾನಕ್ಕೆ ಬೂದಿ ಮುಚ್ಚಿಕೊಳ್ಳುತ್ತಿತ್ತೋ ಏನೋ. ಆದರೆ ಈಸ್ಟರಿಗೆ ಮುಂಚಿನ ಐವತ್ತು ದಿನದ ಉಪವಾಸ ಶುರುವಾದ ವಾರವೇ ಪಾದ್ರಿಗಳು ಇಗರ್ಜಿಯ ದೋಣಿಯನ್ನು ಮತ್ತೆ ಪೈಲಿಯ ಕೈಗೇ ಒಪ್ಪಿಸಿದರು. ಅವನು ಕುಡಿತ ಬಿಟ್ಟಿದ್ದಾನಂತೆ. ಬಿಡದೆ ಏನು ಮಾಡುತ್ತಾನೆ, ಜೈಲಿನಲ್ಲಿ ಊಟದ ಜೊತೆ ಕಳ್ಳು ಬಡಿಸುತ್ತಾರೆಯೇ ಎಂದು ಏಲಿಕುಟ್ಟಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದಳು.

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಇನ್ನೂ ದೊಡ್ಡದೊಂದು ನಡೆಯಿತು. ಇಗರ್ಜಿ ತುಂಬ ಜನ, ಎಲ್ಲರ ಕೈಯಲ್ಲೂ ಎಳೆ ತೆಂಗಿನ ಗರಿ. ಯೇಸುವಿನ ದೇಹವೆಂದೇ ನಂಬುವ ಪರಮಪ್ರಸಾದದ ಸಾಲಿನಲ್ಲಿ ಪೈಲಿ ನಿಂತಿದ್ದ. ಒಗೆದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಅವನು ಬಾಯಿ ತೆರೆದ, ಪಾದ್ರಿಗಳು ಅವನ ನಾಲಿಗೆಯ ಮೇಲೆ ಪ್ರಸಾದ ಇಟ್ಟರು. ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ಏಲಿಕುಟ್ಟಿಯ ಕೈಯೊಳಗಿನ ಗರಿ ನುಚ್ಚುನೂರಾಯಿತು. ವರ್ಕಿ ಸತ್ತ ಮೇಲೆ ಅವಳು ಒಂದು ದಿನವೂ ಪ್ರಸಾದ ತೆಗೆದುಕೊಂಡಿರಲಿಲ್ಲ. ಏನೋ ಹರಕೆ ಇರಬೇಕು, ಪಾಪ, ಎಂದು ಊರವರು ಅಂದುಕೊಂಡಿದ್ದರು.

ಪೂಜೆ ಮುಗಿದ ಮೇಲೆ ಅವಳು ಪಾದ್ರಿಗಳನ್ನು ಅಡ್ಡಗಟ್ಟಿದಳು. ಅವರಿಗೆ ಇನ್ನೂ ನಲವತ್ತಾಗಿರಲಿಲ್ಲ, ಆದರೂ ಹಣ್ಣು ಮುದುಕರು ಸಹ ಅವರನ್ನು ಅಚ್ಚಾ, ಅಂದರೆ ಅಪ್ಪಾ, ಎಂದೇ ಕರೆಯುತ್ತಾರೆ.

“ಅಚ್ಚಾ, ನನ್ನ ಗಂಡನ್ನ ಮುಳುಗಿಸಿದವನ ನಾಲಿಗೆ ಮೇಲೆ ದೇವರನ್ನ ಇಟ್ರಿ.”

ಅವನು ಪಾಪನಿವೇದನೆ ಮಾಡಿದ್ದಾನೆ, ಪಶ್ಚಾತ್ತಾಪಪಟ್ಟಿದ್ದಾನೆ, ಇನ್ನು ತಡೆಯಲು ತಾವು ಯಾರು ಎಂದು ಪಾದ್ರಿಗಳು ಸಮಾಧಾನದಿಂದ ಹೇಳಿದರು. ಆ ಸಮಾಧಾನವೇ ಅವಳಿಗೆ ಮೈ ಉರಿಸಿತು. ಒಂದು ಜೀವ ತೆಗೆದವನಿಗೆ ಮೊಣಕಾಲೂರಿ ನಾಲ್ಕು ಮಾತು ಪಿಸುಗುಟ್ಟಿದರೆ ಮುಗಿಯಿತೇ ಎಂದು ಕೇಳಿದಳು.

“ದೇವರ ಕರುಣೆ ಕೂಲಿ ಅಲ್ಲಮ್ಮ, ಮಾಡಿದ ಕೆಲಸ ನೋಡಿ ಅಳೆದು ಕೊಡೋಕೆ.”

“ಹಾಗಾದ್ರೆ ನೆಟ್ಟಗೆ ಬಾಳಿದವರೆಲ್ಲ ಪೆದ್ದರು ಅನ್ನಿ.”

“ಅಂಥವರು ಯಾರಾದ್ರೂ ಸಿಕ್ಕಿದ್ರೆ ನನಗೂ ತೋರಿಸಿ” ಎಂದರು ಪಾದ್ರಿ. ಆಮೇಲೆ ದನಿ ಇಳಿಸಿ ಕೇಳಿದರು. “ಅವನ ಮಾತು ಬಿಡಿ. ನೀವು ಯಾಕೆ ಪ್ರಸಾದಕ್ಕೆ ಬರ್ತಿಲ್ಲ ಏಲಿಕುಟ್ಟಿ? ಈಸ್ಟರಿಗಾದ್ರೂ ಬರಬೇಕಲ್ಲ.”

ಏಲಿಕುಟ್ಟಿ ಸೆರಗು ಕೊಡವಿ ಸೇತುವೆಯ ದಾರಿ ಹಿಡಿದಳು.

ಉತ್ತರ ಇರಲಿಲ್ಲವೆಂದಲ್ಲ. ಇತ್ತು, ಒಂಬತ್ತು ತಿಂಗಳಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇತ್ತು. ಸಂತ ತೋಮನ ಹಬ್ಬದ ಹಿಂದಿನ ದಿನ, ಜುಲೈ ತಿಂಗಳು, ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅತ್ತೆಗೆಂದು ಪೇಟೆಯಲ್ಲಿ ಮಾಡಿಸಿದ್ದ ಹೊಸ ಮಂಚವನ್ನು ಪೈಲಿ ದೋಣಿಯಲ್ಲಿ ತಂದು, ತಾನೇ ಹೊತ್ತು, ಜಗಲಿಯಲ್ಲಿ ಹಾಕಿಕೊಟ್ಟ. ಹಬ್ಬದ ಅಪ್ಪಂ ಹಿಟ್ಟು ಹುದುಗು ಬರಲೆಂದು ತರಿಸಿದ್ದ ಕಳ್ಳು ಒಂದು ಕೊಡ ಇತ್ತು. ಏಲಿಕುಟ್ಟಿ ಖುಷಿಯಲ್ಲಿದ್ದಳು, ಉಪಚಾರಕ್ಕೆಂದು ಅವನಿಗೆ ಒಂದು ಗ್ಲಾಸು ಹೊಯ್ದಳು. ಎರಡಾಯಿತು. ಮೂರನೆಯದಕ್ಕೆ ಪೈಲಿ ಗ್ಲಾಸಿನ ಬಾಯಿಗೆ ಕೈ ಅಡ್ಡ ಹಿಡಿದ. ಮೂರು ಗಂಟೆಗೆ ಸವಾರಿ ಇದೆ, ನೀರು ಜೋರಾಗಿದೆ ಎಂದ. ಅವಳು ನಕ್ಕು ಅವನ ಕೈ ಸರಿಸಿ ಹೊಯ್ದಳು. “ಕುಡಿ ಪೈಲಿ, ಹೊಳೆ ಎಲ್ಲಿಗೂ ಓಡಿಹೋಗಲ್ಲ” ಎಂದಳು.

ಮೂರು ಗಂಟೆಯ ಸವಾರಿಯಲ್ಲಿ ಪೇಟೆಯಿಂದ ಬರುತ್ತಿದ್ದ ವರ್ಕಿ ಇದ್ದ. ಸೆಳೆತದಲ್ಲಿ ದೋಣಿ ಹಳೆಯ ಕಟ್ಟೆಯ ಕಂಬಕ್ಕೆ ಬಡಿಯಿತು. ಐದು ಜನರಲ್ಲಿ ನಾಲ್ವರನ್ನು ಪೈಲಿ ಎಳೆದು ದಡಕ್ಕೆ ಹಾಕಿದ. ದೋಣಿಯ ಅಡಿ ಸಿಕ್ಕಿಕೊಂಡ ವರ್ಕಿ ಮಾತ್ರ ಸಂಜೆಗೆ ಕೆಳಗಿನ ತಿರುವಿನಲ್ಲಿ ಸಿಕ್ಕಿದ. ಎಲ್ಲಿ ಕುಡಿದೆ ಎಂದು ಪೊಲೀಸರು ಕೇಳಿದಾಗ ಪೈಲಿ ಕಳ್ಳಿನ ಶಾಪಿನಲ್ಲಿ ಎಂದ. ಹೊಡೆದು ಕೇಳಿದಾಗಲೂ ಅದನ್ನೇ ಹೇಳಿದನಂತೆ. ಕೇಳಿ ಏಲಿಕುಟ್ಟಿಗೆ ಉಸಿರು ತಿರುಗಿ ಬಂತು. ಮರುಕ್ಷಣವೇ ಅವನ ಮೇಲೆ ಎಂದೂ ಇಲ್ಲದ ಸಿಟ್ಟು ಬಂತು. ಇವನ ಉಪಕಾರ ಯಾರಿಗೆ ಬೇಕಿತ್ತು? ಹೇಳಿಬಿಟ್ಟಿದ್ದರೆ ಅತ್ತೆ ಬಯ್ಯುತ್ತಿದ್ದಳು, ಊರು ಉಗಿಯುತ್ತಿತ್ತು, ಒಂದು ಸಲಕ್ಕೆ ಮುಗಿಯುತ್ತಿತ್ತು. ಈಗ ಅದನ್ನು ಹೇಳಬೇಕಾದವಳು ಅವಳೇ. ಪಾಪನಿವೇದನೆಯ ಕಟಕಟೆಯ ತನಕ ಮೂರು ಸಲ ಹೋಗಿ, ಮೂರು ಸಲವೂ ಅವಳ ಬಾಯಿ ಕಟ್ಟಿತ್ತು. ಅದನ್ನು ಹೇಳದೆ ಪ್ರಸಾದಕ್ಕೆ ನಾಲಿಗೆ ಚಾಚುವಷ್ಟು ಮಾನಗೆಟ್ಟವಳೂ ಅವಳಲ್ಲ. ಹೀಗಾಗಿ ಮುಳುಗಿಸಿದವನು ಮುಂದಿನ ಸಾಲಿನಲ್ಲಿದ್ದ, ಗಂಡನನ್ನು ಕಳೆದುಕೊಂಡವಳು ಬಾಗಿಲಲ್ಲಿ ನಿಂತಿದ್ದಳು. ಇದು ಯಾವ ಸೀಮೆಯ ನ್ಯಾಯ?

ಆ ವಾರದ ಗುರುವಾರ ಪೆಸಹಾ, ಯೇಸುವಿನ ಕೊನೆಯ ಊಟವನ್ನು ನೆನೆಯುವ ದಿನ. ಅಂದು ಸಂಜೆ ಆ ಕಡೆಯ ಪ್ರತಿ ಮನೆಯಲ್ಲೂ ಅಕ್ಕಿ ಉದ್ದು ರುಬ್ಬಿ, ಹುದುಗು ಬರಿಸದೆ, ಹಬೆಯಲ್ಲಿ ರೊಟ್ಟಿ ಬೇಯಿಸುತ್ತಾರೆ. ಮೇಲೆ ಗರಿಗಳ ಭಾನುವಾರದ ಗರಿಯಿಂದ ಮಾಡಿದ ಪುಟ್ಟ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಮುರಿದು, ತೆಂಗಿನ ಹಾಲು ಬೆಲ್ಲದ ಪಾಯಸದಲ್ಲಿ ಅದ್ದಿ ಒಬ್ಬೊಬ್ಬರಿಗೂ ಕೊಡುತ್ತಾರೆ. ವರ್ಷದೊಳಗೆ ಸಾವಾದ ಮನೆಯಲ್ಲಿ ಮಾತ್ರ ರೊಟ್ಟಿ ಬೇಯಿಸುವಂತಿಲ್ಲ. ಅವರಿಗೆ ನೆರೆಯವರು ತಂದು ಕೊಡಬೇಕು.

ಊರಿಗೆಲ್ಲ ಪೆಸಹಾ ರೊಟ್ಟಿಯ ಹದ ಹೇಳಿಕೊಟ್ಟವಳು ಏಲಿಕುಟ್ಟಿ. ಆ ದಿನ ಅವಳ ರುಬ್ಬುಗುಂಡು ಒಣಗಿ ಕೂತಿತ್ತು. ಮಧ್ಯಾಹ್ನದಿಂದ ಒಬ್ಬೊಬ್ಬರಾಗಿ ತಂದರು. ಗಂಟೆ ಹೊಡೆಯುವವನ ಹೆಂಡತಿ ರೋಸ ತಂದದ್ದರಲ್ಲಿ ಬೆಳ್ಳುಳ್ಳಿ ಜಾಸ್ತಿ, ಮೂಲೆಮನೆಯವರದು ಬೆಂದಿರಲಿಲ್ಲ. ಏಲಿಕುಟ್ಟಿ ಎಲ್ಲವನ್ನೂ ಮೂಸಿ, ಒತ್ತಿ ನೋಡಿ, ಮನಸ್ಸಿನಲ್ಲೇ ಬಯ್ದು, ಬಾಯಲ್ಲಿ ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ ಕಳಿಸಿದಳು. ಐದು ಮನೆಯದು ಬಂತು.

ಜಗಲಿಯ ಮಂಚದ ಮೇಲೆ ಅವಳ ಅತ್ತೆ, ವರ್ಕಿಯ ತಾಯಿ, ಎಂಬತ್ನಾಲ್ಕರ ಅಮ್ಮಚ್ಚಿ ಕಾಲು ಇಳಿಬಿಟ್ಟು ಕೂತಿದ್ದಳು. ಎರಡು ಕಣ್ಣೂ ಹೋಗಿ ಎಷ್ಟೋ ವರ್ಷವಾಗಿತ್ತು. ಪ್ರತಿ ಸಲ ಮೆಟ್ಟಿಲಲ್ಲಿ ಹೆಜ್ಜೆ ಕೇಳಿದಾಗಲೂ ಯಾರು ಎಂದು ಕೇಳುತ್ತಿದ್ದಳು. ಕೊನೆಗೆ, ಪಕ್ಕದ ಮನೆಯದು ಬಂತಾ ಎಂದಳು. ಸಾವಿನ ಮನೆಗೆ ಮೊದಲು ತರಬೇಕಾದವರು ಪಕ್ಕದ ಮನೆಯವರೇ. ನಡುವೆ ಒಂದು ಕಾಲುವೆ ದಾಟಿದರೆ ಪಕ್ಕದ ಮನೆ ಪೈಲಿಯದು.

“ಅವನು ತರಲ್ಲ. ತಂದ್ರೆ ಅವನ ಮುಖಕ್ಕೇ ಎಸೀತೀನಿ” ಎಂದಳು ಏಲಿಕುಟ್ಟಿ. ಪೆಸಹಾ ರೊಟ್ಟಿಯ ಬಗ್ಗೆ ಹಾಗೆ ಅಂದದ್ದಕ್ಕೆ ತಾನೇ ಹೆದರಿ ಹಣೆ ಎದೆ ಮುಟ್ಟಿ ಶಿಲುಬೆ ಗುರುತು ಮಾಡಿಕೊಂಡಳು.

ಅವನು ತಂದ. ದೀಪ ಹಚ್ಚುವ ಹೊತ್ತು, ಅದೇ ಬಿಳಿ ಅಂಗಿ, ಒಂದು ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ, ಇನ್ನೊಂದರಲ್ಲಿ ಪಾಯಸದ ಪಾತ್ರೆ. ಕೆಳಗಿನ ಮೆಟ್ಟಿಲಲ್ಲೇ ನಿಂತ. ಒಂಬತ್ತು ತಿಂಗಳಲ್ಲಿ ಅವನು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಏಲಿಕುಟ್ಟಿ ಇಳಿದು ಹೋಗಿ ಬಾಳೆಲೆ ಕಿತ್ತು ನೋಡಿದಳು. ಬೂದಿಬಣ್ಣದ ರೊಟ್ಟಿ, ನಡುವೆ ಅಂಗೈ ರೇಖೆಯ ಹಾಗೆ ಬಿರುಕು.

“ಇದೇನೋ ಇದು?”

“ಪೆಸಹಾ ರೊಟ್ಟಿ, ಚೇಡತ್ತಿ” ಎಂದ. ಹಿರಿಯಕ್ಕನಂಥವರನ್ನು ಆ ಕಡೆ ಹಾಗೆ ಕರೆಯುತ್ತಾರೆ.

“ಹೇಳಿದ್ದು ಒಳ್ಳೇದಾಯ್ತು. ನೋಡಿದ್ರೆ ಗೊತ್ತಾಗಲ್ಲ.”

ಅವಳಿಗೆ ಬಯ್ಯಬೇಕಾದದ್ದು ಬೇರೆ, ಬಾಯಿಗೆ ಬಂದದ್ದೆಲ್ಲ ರೊಟ್ಟಿಯ ಮೇಲೆ ಬಿತ್ತು. ಉದ್ದು ನೆನೆದಿಲ್ಲ, ಹಿಟ್ಟು ತರಿತರಿ, ಹಬೆ ಬರುವ ಮುಂಚೆಯೇ ಇಟ್ಟಿದ್ದಾನೆ, ಬಾತುಕೋಳಿಗೆ ಹಾಕಿದರೂ ಮೂಸುವುದಿಲ್ಲ. ಪೈಲಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಆಗ ಅವಳ ಕಣ್ಣು ಬಿರುಕಿನ ಪಕ್ಕಕ್ಕೆ ಹೋಯಿತು. ಗರಿಯ ಶಿಲುಬೆ. ಅವಳ ರಕ್ತ ನೆತ್ತಿಗೇರಿತು.

“ಶಿಲುಬೆ ಇಟ್ಟದ್ದನ್ನ ತಂದಿದ್ದೀಯಲ್ಲೋ. ಅದು ನಿನ್ನ ಮನೆಯವರು ತಿನ್ನೋದು. ಹೊರಗೆ ಕೊಡೋದು ಶಿಲುಬೆ ಇಲ್ಲದ್ದು. ನಲವತ್ತು ವರ್ಷ ತಿಂದು ಬೆಳೆದಿದ್ದೀಯ, ಅಷ್ಟೂ ಗೊತ್ತಿಲ್ವಾ?”

ಪೈಲಿಗೆ ನಿಜವಾಗಿ ಗೊತ್ತಿರಲಿಲ್ಲ. ಅದೆಲ್ಲ ಹೆಂಗಸರು ನೋಡಿಕೊಳ್ಳುತ್ತಿದ್ದ ವಿಷಯ. ಅವನ ಮುಖ ಬಿಳುಚಿಕೊಂಡಿತು. ಹಿಟ್ಟು ಒಂದಕ್ಕೇ ಆಯಿತು, ಮನೆಯಲ್ಲಿ ತಿನ್ನುವವರು ಯಾರಿದ್ದಾರೆಂದು ಇನ್ನೊಂದು ಮಾಡಲಿ ಎಂದು ತೊದಲಿದ. ತಟ್ಟೆ, ಪಾತ್ರೆ ಎರಡನ್ನೂ ಮೆಟ್ಟಿಲ ಮೇಲಿಟ್ಟು ಹಿಂದೆ ತಿರುಗಿದ. ತಗೊಂಡು ಹೋಗೋ ಎಂದು ಅವಳು ಕೂಗಿದಳು.

“ಏಲೀ, ಇಲ್ಲಿ ತಾ ಅದನ್ನ” ಎಂದಳು ಅಮ್ಮಚ್ಚಿ ಮಂಚದಿಂದ.

ಏಲಿಕುಟ್ಟಿ ತಂದುಕೊಟ್ಟಳು. ಮುದುಕಿಯ ಬೆರಳು ರೊಟ್ಟಿಯ ಮೇಲೆ ಓಡಾಡಿ ಬಿರುಕು ಮುಟ್ಟಿತು, ಶಿಲುಬೆಯನ್ನು ಮುಟ್ಟಿ ಅಲ್ಲೇ ನಿಂತಿತು.

“ಶಿಲುಬೆ ಇಟ್ಟ ರೊಟ್ಟಿ ಎಸೆಯೋ ಹಾಗಿಲ್ಲ. ಹೊರಗಿನವರು ಅವರಷ್ಟಕ್ಕೆ ತಿನ್ನೋ ಹಾಗೂ ಇಲ್ಲ. ಅದರ ಮನೆಯವನು ಜೊತೆಗೆ ಕೂತ್ರೆ ತಿನ್ನಬಹುದು. ಪೈಲೀ, ಕಾಲು ತೊಳ್ಕೊಂಡು ಒಳಗೆ ಬಾ.”

“ಅಮ್ಮಚ್ಚಿ, ಅವನು ನಿಮ್ಮ ಮಗನ್ನ ಮುಳುಗಿಸಿದವನು.”

“ಮಗ ನನ್ನವನು ಅಂತ ನೀನು ನನಗೆ ಹೇಳಿಕೊಡ್ತೀಯಾ?”

ಪಾದ್ರಿಗಳನ್ನು ಎದುರಿಸಬಹುದು, ಊರನ್ನು ಎದುರಿಸಬಹುದು, ಹೆತ್ತವಳ ಮುಂದೆ ಯಾವ ವಾದ? ಪೈಲಿ ಕಾಲು ತೊಳೆದು, ಬೆಕ್ಕಿನ ಹಾಗೆ ಸದ್ದಿಲ್ಲದೆ ಒಳಗೆ ಬಂದು ಚಾಪೆಯ ತುದಿಯಲ್ಲಿ ಮುದುರಿಕೊಂಡ. ಏಲಿಕುಟ್ಟಿ ಯೇಸುವಿನ ಪಟದ ಕೆಳಗೆ ದೀಪ ಇಟ್ಟಳು, ಅತ್ತೆಯನ್ನು ಕೈಹಿಡಿದು ತಂದು ಕೂರಿಸಿದಳು. ತಾನು ಕೂರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಂತಳು, ಇಗರ್ಜಿಯಲ್ಲಿ ನಿಲ್ಲುವ ಹಾಗೆಯೇ.

ವರ್ಕಿ ಇದ್ದಿದ್ದರೆ ಮುರಿಯುವವನು ಅವನು. ಈಗ ಮನೆಯ ಹಿರಿಯಳು ಅಮ್ಮಚ್ಚಿ. ಅವಳು ಪ್ರಾರ್ಥನೆ ಹೇಳಿ, ಶಿಲುಬೆ ತೆಗೆದು ಪಕ್ಕಕ್ಕಿಟ್ಟು, ರೊಟ್ಟಿ ಮುರಿದಳು. ಮೊದಲ ತುಂಡನ್ನು ಪಾಯಸದಲ್ಲಿ ಅದ್ದಿ ಪೈಲಿ ಕೂತ ಕಡೆ ಚಾಚಿದಳು. ಅವನು ಎರಡೂ ಕೈ ಒಡ್ಡಿ ತೆಗೆದುಕೊಂಡ. ಎರಡನೆಯ ತುಂಡು ಅದ್ದಿ ಅಮ್ಮಚ್ಚಿ ಬಾಗಿಲ ಕಡೆ ಹಿಡಿದಳು.

“ನೀನು.”

“ನನಗೆ ಬೇಡ.”

ಮುದುಕಿ ಕೈ ಹಿಂದೆಗೆಯಲಿಲ್ಲ. ಬೆರಳ ಸಂದಿಯಿಂದ ಬೆಲ್ಲದ ಹಾಲು ಚಾಪೆಗೆ ತೊಟ್ಟಿಕ್ಕುತ್ತಿತ್ತು. ಆ ಚಾಚಿದ ಕೈಯನ್ನು ನೋಡುತ್ತ ಏಲಿಕುಟ್ಟಿಯೊಳಗೆ ಏನೋ ಕಿತ್ತುಕೊಂಡು ಬಂತು. ಅವಳು ಪೈಲಿಯ ಮೇಲೆ ಹರಿಹಾಯ್ದಳು.

“ಪೊಲೀಸರಿಗೆ ಯಾಕೆ ಹೇಳ್ಲಿಲ್ಲ ನೀನು? ಅಚ್ಚನಿಗೆ ಹೇಳಿದ್ದೀಯಾ? ನಿನ್ನ ಹೆಂಡತಿಗೆ? ಹೇಳೋ, ಯಾರು ಹೊಯ್ದದ್ದು ಅಂತ ಈಗ ಹೇಳು. ಅಮ್ಮಚ್ಚಿ ಕೇಳ್ಲಿ.”

ಪೈಲಿ ಮುದುಕಿಯ ಮುಖ ನೋಡಿದ, ಇವಳ ಮುಖ ನೋಡಿದ. ಕೈಯಲ್ಲಿನ ತುಂಡನ್ನು ಇನ್ನೂ ಬಾಯಿಗೆ ಹಾಕಿರಲಿಲ್ಲ.

“ಹೊಯ್ದದ್ದು ನೀವು. ಕುಡಿದದ್ದು ನಾನು, ದೋಣಿಯ ಜಲ್ಲೆ ಹಿಡಿದದ್ದೂ ನಾನು. ನನ್ನ ಪಾಪ ಹೇಳೋಕೆ ಹೋದವನು ನಿಮ್ಮದನ್ನ ಯಾಕೆ ಹೇಳ್ಲಿ?”

“ಕೇಳಿದ್ರಾ ಅಮ್ಮಚ್ಚಿ? ನಾನೇ ಹೊಯ್ದದ್ದು. ಮೂರು ಗ್ಲಾಸು. ಮೂರನೇದು ಅವನು ಬೇಡ ಅಂದ. ನೀರು ಜೋರಾಗಿದೆ ಅಂದ. ನಾನು ನಕ್ಕೆ. ನಾನು ಅಂದೆ...”

“ಕುಡಿ ಪೈಲಿ, ಹೊಳೆ ಎಲ್ಲಿಗೂ ಓಡಿಹೋಗಲ್ಲ ಅಂದೆ” ಎಂದಳು ಅಮ್ಮಚ್ಚಿ. “ನನಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಹೊಸ ಮಂಚದ ಮೇಲೆ ಅಲ್ಲೇ ಮಲಗಿದ್ದೆ.”

ಏಲಿಕುಟ್ಟಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆಣ ಮನೆಗೆ ತಂದ ದಿನ, ನಲವತ್ತೊಂದನೆಯ ದಿನದ ಪೂಜೆ, ಕ್ರಿಸ್ಮಸ್ಸು, ಎಲ್ಲ ದಿನವೂ ಈ ಮುದುಕಿಗೆ ಗೊತ್ತಿತ್ತು. ತಾನು ಪೈಲಿಯನ್ನು ಶಪಿಸುತ್ತ ಅವಳ ಕೂದಲು ಬಾಚುವಾಗಲೂ ಗೊತ್ತಿತ್ತು. ಏಲಿಕುಟ್ಟಿಗೆ ನಾಚಿಕೆಯಾಗಲಿಲ್ಲ, ಅದಕ್ಕಿಂತ ಮೊದಲು ಸಿಟ್ಟು ಬಂತು. ಮೈಯೆಲ್ಲ ಉರಿದುಹೋಗುವಂಥ ಸಿಟ್ಟು.

“ಒಂಬತ್ತು ತಿಂಗಳು ನನ್ನ ಕೈಯಿಂದ ಗಂಜಿ ಕುಡಿದ್ರಿ.”

“ಕುಡಿದೆ. ಕೆಲವು ದಿನ ಗಂಟಲಲ್ಲಿ ಇಳೀತಿರಲಿಲ್ಲ. ಆದ್ರೂ ಕುಡಿದೆ.”

“ಒಂದು ಮಾತು ಬಯ್ಯಬಹುದಿತ್ತಲ್ಲ. ಹೊಡೀಬಹುದಿತ್ತಲ್ಲ. ನಾನು ಹುಚ್ಚಿ ಹಾಗೆ ಒಡ್ಡಿನ ಮೇಲೆ ನಡೆದು ಸಾಯ್ತಿದ್ದೆ. ಇವನು ನನ್ನ ಹೆಸರು ಮುಚ್ಚಿಟ್ಟ, ನೀವು ಸುಮ್ಮನಿದ್ರಿ. ನಿಮ್ಮಿಬ್ಬರ ಕ್ಷಮೆ ನನಗೆ ಬೇಕು ಅಂತ ಯಾರು ಕೇಳಿದ್ರು?”

“ಯಾರೂ ಕೇಳ್ಲಿಲ್ಲ” ಎಂದಳು ಅಮ್ಮಚ್ಚಿ. “ನನ್ನ ಕೈ ನೋಯ್ತಿದೆ ಏಲೀ, ತಗೋ.”

ಆ ಕೈ ಇನ್ನೂ ಚಾಚಿಯೇ ಇತ್ತು. ಎಂಬತ್ನಾಲ್ಕರ ಕೈ, ಮೊಳಕೈಯಿಂದ ಬೆರಳ ತನಕ ಅದುರುತ್ತಿತ್ತು. ಅದನ್ನು ಹಾಗೆಯೇ ಬಿಟ್ಟು ನಿಲ್ಲಲು ಏಲಿಕುಟ್ಟಿಗೆ ಆಗಲಿಲ್ಲ. ಬಾಗಿಲು ಬಿಟ್ಟು ಬಂದು ಚಾಪೆಯ ಮೇಲೆ ಮೊಣಕಾಲೂರಿದಳು, ಎರಡೂ ಕೈ ಒಡ್ಡಿದಳು. ತುಂಡು ಒದ್ದೆಯಾಗಿ ಅವಳ ಅಂಗೈಗೆ ಬಿತ್ತು. ಬಾಯಿಗೆ ಹಾಕಿಕೊಂಡಳು. ಉದ್ದಿನ ತರಿ ಹಲ್ಲಿಗೆ ಮರಳಿನ ಹಾಗೆ ಸಿಕ್ಕಿತು, ಉಪ್ಪು ಮರೆತಿದ್ದ, ಬೆಲ್ಲ ಸೀದಿತ್ತು. ಅಷ್ಟು ಕೆಟ್ಟ ಪೆಸಹಾ ರೊಟ್ಟಿಯನ್ನು ಅವಳು ಹುಟ್ಟಿದಾರಭ್ಯ ತಿಂದಿರಲಿಲ್ಲ. ಅಳು ಬಂತು, ಅಳುತ್ತಲೇ ಅಗಿದಳು, ಒಂದು ಕಣವೂ ಕೆಳಗೆ ಬೀಳದ ಹಾಗೆ ಅಂಗೈ ನೆಕ್ಕಿದಳು. ಆಗ ಪೈಲಿಯೂ ತನ್ನ ತುಂಡನ್ನು ಬಾಯಿಗೆ ಹಾಕಿಕೊಂಡ.

ಆಮೇಲೆ ಏಲಿಕುಟ್ಟಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಪೈಲಿಯ ಕಡೆ ತಿರುಗಿದಳು. ಸಿಟ್ಟು ಹೋಗಿರಲಿಲ್ಲ, ಅಷ್ಟು ಬೇಗ ಹೋಗುವ ಜಾತಿಯದೂ ಅದಲ್ಲ.

“ಉದ್ದನ್ನ ನಾಲ್ಕು ಗಂಟೆ ನೆನೆ ಹಾಕ್ಬೇಕು. ಮುಂದಿನ ವರ್ಷ ಹೀಗೆ ಮಾಡಿದ್ರೆ ನೋಡು.”

“ಆಗ್ಲಿ ಚೇಡತ್ತಿ.”

“ನಾಳೆ ಬೆಳಿಗ್ಗೆ ಏಳಕ್ಕೆ ದೋಣಿ ಈ ದಡದಲ್ಲಿರ್ಬೇಕು. ಅಚ್ಚನ ಹತ್ರ ಹೇಳೋದಿದೆ. ನಿನ್ನ ಬಾಯಿಂದ ಒಂಚೂರು ವಾಸನೆ ಬಂದ್ರೆ ಆ ಜಲ್ಲೆಯಲ್ಲೇ ಬಡೀತೀನಿ.”

“ಬಡೀರಿ ಚೇಡತ್ತಿ.”

ಅಮ್ಮಚ್ಚಿ ತಡವರಿಸಿ ತನ್ನ ತುಂಡು ಅದ್ದಿಕೊಂಡು ಬಾಯಿಗಿಟ್ಟಳು. ಹಲ್ಲಿಲ್ಲದ ಒಸಡಿನಲ್ಲಿ ತುಂಬ ಹೊತ್ತು ಆಚೀಚೆ ಹೊರಳಿಸಿದಳು, ಕೊನೆಗೆ ನುಂಗಿದಳು. ಇನ್ನೊಂದು ಚೂರು ಕೊಡು ಎಂದು ಕೈ ಚಾಚಿದಳು.